ಮೈನರ್ ಯಾವುದು, ಇಲೆಕ್ಟಿವ್ ಯಾವುದು? ಕಾಸರಗೋಡಿನ ಡಿಗ್ರಿ ಮಕ್ಕಳಿಗೆ ಒಂದು ಹೋಲಿಕೆ

ಪ್ಲಸ್ ಟು ಮುಗಿದು ಕಾಲೇಜಿನ ಅಲಾಟ್‌ಮೆಂಟ್ ಬಂದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮೇಜರ್, ಅಂದರೆ ಮುಖ್ಯ ವಿಷಯ ಏನೋ ಸಿಕ್ಕಿತು, ಇನ್ನು ಅದರ ಜೊತೆ ಓದುವ ಮೈನರ್ ಯಾವುದು? ಯಾವ ಪೇಪರ್ ತೆಗೆದುಕೊಂಡರೆ ಕೆಲಸ ಸಿಗುತ್ತದೆ? ಮಾವನ ಮಗ ಒಂದು ಹೇಳುತ್ತಾನೆ, ಟ್ಯೂಶನ್ ಮಾಸ್ಟ್ರು ಇನ್ನೊಂದು ಹೇಳುತ್ತಾರೆ. ಯೂಟ್ಯೂಬ್ ನೋಡಿದರೆ ಎಲ್ಲರೂ ಡೇಟಾ ಸೈನ್ಸ್ ಓದಬೇಕು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಕೊಡುವವರಲ್ಲಿ ಹೆಚ್ಚಿನವರು ನಿಮ್ಮ ಪೇಪರುಗಳ ಪಟ್ಟಿಯನ್ನು ಓದುವುದೇ ಇಲ್ಲ. ಆದರೆ ಓದುವ ಕೆಲವರು ಇದ್ದಾರೆ. ಅವರು ಅಕ್ಷರ ಅಕ್ಷರ ಹಿಡಿದು ಓದುತ್ತಾರೆ, ಬೇಕಾದ ವಿಷಯ ಕಾಣದಿದ್ದರೆ ಅರ್ಜಿಯನ್ನೇ ಬದಿಗಿಡುತ್ತಾರೆ. ಆದ್ದರಿಂದ ಪೇಪರಿನ ಹೆಸರು ನೋಡಿ ಕೆಲಸ ಊಹಿಸಬೇಡಿ. ನಿಮಗೆ ಬೇಕಾದ ಕೆಲಸ ಯಾವುದು, ಅಲ್ಲಿ ವಿಷಯ ಕೇಳುತ್ತಾರಾ ಇಲ್ಲವಾ ಎಂದು ಮೊದಲು ನೋಡಿ, ಆಮೇಲೆ ಪೇಪರ್ ಆರಿಸಿ.

ಈಗ ಏನೇನು ಆರಿಸಬಹುದು

ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತು. ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು, ಪಡನ್ನಕ್ಕಾಡಿನ ನೆಹರೂ ಕಾಲೇಜು ಎಲ್ಲ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ, ಹಾಗಾಗಿ ಇಲ್ಲೆಲ್ಲ ಇದೇ ಕ್ರಮ. ಮೂರು ವರ್ಷದಲ್ಲಿ 133 ಕ್ರೆಡಿಟ್ (ಪ್ರತಿ ಪೇಪರಿಗೂ ಕೊಟ್ಟಿರುವ ತೂಕ) ಮುಗಿಸಿ ಡಿಗ್ರಿ ಹಿಡಿದು ಹೊರಗೆ ಬರಬಹುದು. ನಾಲ್ಕನೆಯ ವರ್ಷವನ್ನೂ ಓದಿ 177 ಕ್ರೆಡಿಟ್ ಮುಗಿಸಿದರೆ ಆನರ್ಸ್ ಡಿಗ್ರಿ. ಒಂದು ಮೇಜರ್, ಅದರ ಜೊತೆ ಮೈನರ್, ಬೇರೆ ವಿಭಾಗದ ಒಂದಷ್ಟು ಪೇಪರ್, ಭಾಷೆ, ಕೌಶಲದ ಪೇಪರ್, ಇಂಟರ್ನ್‌ಶಿಪ್ ಎಲ್ಲ ಇದರೊಳಗೆ ಬರುತ್ತವೆ. ಹಿಂದೆ ಕಾಲೇಜು ಕೊಟ್ಟದ್ದನ್ನು ಓದಿದರೆ ಸಾಕಿತ್ತು. ಈಗ ಆರಿಸುವ ತಲೆನೋವು ಮಕ್ಕಳ ಮೇಲೆ ಬಿದ್ದಿದೆ.

ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದರು, 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿದರು. ಗಡಿಯ ಈಚೆ ಶುರುವಾದ ವರ್ಷವೇ ಆಚೆ ನಿಂತುಹೋಯಿತು! ಒಂದೇ ಮನೆಯ ಅಕ್ಕ ಮಂಗಳೂರಿನಲ್ಲಿ, ತಮ್ಮ ಕಾಸರಗೋಡಿನಲ್ಲಿ ಓದಿದರೆ ಇಬ್ಬರ ಅಂಕಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ಕಷ್ಟ.

ಖಾಸಗಿ ಕಂಪನಿಯವರು ಏನು ನೋಡುತ್ತಾರೆ

ಮಂಗಳೂರಿನ ಒಂದು ಆಫೀಸಿನಲ್ಲಿ ಹೊಸಬರ ಇಂಟರ್‌ವ್ಯೂಗಳಲ್ಲಿ ಮೇಜಿನ ಈಚೆ ಕೂತವನು ನಾನು. ಅಲ್ಲಿ ನಡೆಯುವುದು ಇಷ್ಟೇ. ಮೊದಲ ಸುತ್ತಿನಲ್ಲಿ ಬಯೋಡಾಟಾವನ್ನು ಕಣ್ಣಾಡಿಸುವುದು ಅಷ್ಟೆ. ಡಿಗ್ರಿ ಯಾವುದು, ಶೇಕಡಾ ಎಷ್ಟು, ಬ್ಯಾಕ್, ಅಂದರೆ ಪಾಸಾಗದ ಪೇಪರ್ ಉಳಿದಿದೆಯಾ? ದೊಡ್ಡ ಐಟಿ ಕಂಪನಿಗಳು ಒಟ್ಟೊಟ್ಟಿಗೆ ತುಂಬ ಜನರನ್ನು ಆರಿಸುವಾಗ ಹತ್ತನೆಯ ತರಗತಿ, ಪ್ಲಸ್ ಟು, ಡಿಗ್ರಿ ಮೂರರಲ್ಲೂ ಶೇಕಡಾ 60 ಕೇಳುವುದು ಮಾಮೂಲಿ. ಈ ಗೆರೆ ದಾಟದಿದ್ದರೆ ನಿಮ್ಮ ಇಲೆಕ್ಟಿವ್, ಅಂದರೆ ನೀವೇ ಆರಿಸಿದ ಪೇಪರ್ ಎಷ್ಟೇ ಚಂದ ಇದ್ದರೂ ಅದನ್ನು ನೋಡುವ ಮನುಷ್ಯನ ಕೈಗೆ ಅರ್ಜಿ ತಲುಪುವುದೇ ಇಲ್ಲ.

ಪೇಪರಿನ ಹೆಸರು ಬಾಯಿಗೆ ಬರುವುದು ಎರಡನೆಯ ಸುತ್ತಿನಲ್ಲಿ. ಅಲ್ಲೂ ಅದಕ್ಕೆ ಮಾರ್ಕ್ ಇಲ್ಲ, ಅದು ಮಾತಿಗೆ ಒಂದು ದಾರಿ ಮಾತ್ರ. "ಡೇಟಾ ಅನಾಲಿಸಿಸ್ ಓದಿದ್ದೀರಿ ಅಂತ ಬರೆದಿದ್ದೀರಲ್ಲ, ಏನು ಮಾಡಿದಿರಿ ಹೇಳಿ" ಎಂದು ಕೇಳುತ್ತೇವೆ. ಎಷ್ಟೋ ಮಕ್ಕಳು ಅಲ್ಲಿಗೆ ಸುಮ್ಮನಾಗುತ್ತಾರೆ. ಪೇಪರ್ ಓದಿದ್ದಾರೆ, ಪರೀಕ್ಷೆ ಬರೆದಿದ್ದಾರೆ, ಕೈಯಾರೆ ಏನೂ ಮಾಡಿಲ್ಲ. ಇಂಥ ಹೊತ್ತಿನಲ್ಲಿ ಆ ಹೆಸರು ಬಯೋಡಾಟಾದಲ್ಲಿ ಇಲ್ಲದಿದ್ದರೇ ಅವರಿಗೆ ಒಳ್ಳೆಯದಿತ್ತು.

ಬಿಎ ಇಕನಾಮಿಕ್ಸ್ ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಅಡಿಕೆ ಧಾರಣೆಯನ್ನು ಪ್ರಕಟಿಸುತ್ತಲೇ ಇರುತ್ತದೆ. ಒಂದು ವರ್ಷದ ಧಾರಣೆಯನ್ನು ಎಕ್ಸೆಲ್‌ನಲ್ಲಿ ಹಾಕಿ, ಹೊಸ ಅಡಿಕೆ, ಹಳೆ ಅಡಿಕೆ ಬೇರೆ ಮಾಡಿ, ಯಾವ ತಿಂಗಳಲ್ಲಿ ಏರಿತು, ಯಾವಾಗ ಇಳಿಯಿತು, ಯಾಕಿರಬಹುದು ಎಂದು ನಾಲ್ಕು ಪುಟ ಬರೆದರೆ ಅದು ಮಂಗಳೂರಿನ ಯಾವ ಬ್ಯಾಂಕಿನವನಿಗೂ, ವ್ಯಾಪಾರದವನಿಗೂ ಅರ್ಥವಾಗುವ ಕೆಲಸ. ಇದಕ್ಕೆ ಬೇಕಾದ ಪೇಪರ್ ಯಾವುದು? ಸ್ಟ್ಯಾಟಿಸ್ಟಿಕ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ. ಹಾಗೆಯೇ ಬಾಟನಿ, ಮೈಕ್ರೋಬಯಾಲಜಿ ಓದುವವರಿಗೆ ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಇದೆ. ತೆಂಗು, ಅಡಿಕೆ, ಕೊಕ್ಕೋ ಮೇಲೆ ದೇಶಮಟ್ಟದ ಸಂಶೋಧನೆ ನಡೆಯುವ ಜಾಗ. ಅಲ್ಲಿ ಪ್ರಾಜೆಕ್ಟ್ ಮಾಡಲು ಅವಕಾಶ ಸಿಕ್ಕಿದರೆ ಅದು ಮೂರು ಇಲೆಕ್ಟಿವ್‌ಗಳಿಗಿಂತ ಜಾಸ್ತಿ ತೂಗುತ್ತದೆ ಎಂದೇ ನನ್ನ ಅಭಿಪ್ರಾಯ.

ಒಂದು ಅಪವಾದ ಇದೆ. ಬಿಎಸ್‌ಸಿ, ಬಿಸಿಎ ಮಕ್ಕಳನ್ನು ತೆಗೆದುಕೊಳ್ಳುವ ಕೆಲವು ಐಟಿ ಕಂಪನಿಗಳ ಪ್ರಕಟಣೆಯಲ್ಲಿ ಡಿಗ್ರಿಯಲ್ಲಿ ಗಣಿತ ಓದಿರಬೇಕು, ಬಿಸಿನೆಸ್ ಮ್ಯಾಥ್ಸ್ ಲೆಕ್ಕಕ್ಕಿಲ್ಲ ಎಂಬ ಸಾಲು ಇರುತ್ತದೆ. ಎಂಸಿಎಗೂ ಹಲವು ಕಡೆ ಪ್ಲಸ್ ಟುವಿನಲ್ಲಿ ಅಥವಾ ಡಿಗ್ರಿಯಲ್ಲಿ ಗಣಿತ ಕೇಳುತ್ತಾರೆ. ಪ್ಲಸ್ ಟುವಿನಲ್ಲಿ ಗಣಿತ ಬಿಟ್ಟವರು ಐಟಿ ಕಡೆ ಹೋಗುವ ಆಸೆ ಇದ್ದರೆ ಗಣಿತವನ್ನು ಮೈನರ್ ಆಗಿಯಾದರೂ ಹಿಡಿದುಕೊಳ್ಳಿ.

ಸುಲಭದ ಪೇಪರಾ, ಕಷ್ಟದ ಪೇಪರಾ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನೀವು ಈಗ ಯಾವ ಮಟ್ಟದಲ್ಲಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಶೇಕಡಾ 60ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಮಾರ್ಕ್ ಸಿಗುವ ಪೇಪರ್ ತೆಗೆದುಕೊಳ್ಳಿ, ನಾಚಿಕೆ ಬೇಡ. 59 ಮತ್ತು 61ರ ನಡುವಿನ ಅಂತರ ಎರಡು ಮಾರ್ಕ್ ಅಲ್ಲ, ಒಳಗೆ ಮತ್ತು ಹೊರಗೆ. 70 ದಾಟಿದವರಿಗೆ ಸುಲಭದ ಪೇಪರಿನಿಂದ ಸಿಗುವ ಲಾಭ ಕಮ್ಮಿ. ಅವರು ಕಷ್ಟದ್ದನ್ನೇ ಓದಲಿ. 75ರ ಹತ್ತಿರ ಇರುವವರು ಮಾತ್ರ ಮತ್ತೆ ಲೆಕ್ಕ ಹಾಕಬೇಕು, ಯಾಕೆಂದರೆ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಆನರ್ಸ್ ಬೇಕಿದ್ದರೆ ಮೊದಲ ಆರು ಸೆಮ್‌ಗಳಲ್ಲಿ ಶೇಕಡಾ 75 ಬೇಕು.

ಬ್ಯಾಕ್ ಉಳಿಯುವ ಭಯ ಇರುವ ಪೇಪರನ್ನು ಗೆಳೆಯರು ತೆಗೆದುಕೊಂಡರು ಎಂದು ತೆಗೆದುಕೊಳ್ಳುವುದು ಬೇಡವೇ ಬೇಡ.

ಸರಕಾರಿ ಕೆಲಸ: ಇಲ್ಲಿ ಅಂಕಪಟ್ಟಿಯನ್ನು ನಿಜವಾಗಿ ಓದುತ್ತಾರೆ

ಬ್ಯಾಂಕ್ ಪರೀಕ್ಷೆ, ಯುಪಿಎಸ್‌ಸಿ ಸಿವಿಲ್ ಸರ್ವಿಸ್, ಕೇಂದ್ರ ಸರಕಾರದ ಹುದ್ದೆಗಳಿಗೆ ಜನ ಆರಿಸುವ ಎಸ್‌ಎಸ್‌ಸಿಯ ಹೆಚ್ಚಿನ ಹುದ್ದೆಗಳಿಗೆ ಯಾವ ಡಿಗ್ರಿ ಆದರೂ ಸಾಕು. ಅಲ್ಲಿ ಮೈನರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ. ಆದರೆ ಅದೇ ಎಸ್‌ಎಸ್‌ಸಿ ಪರೀಕ್ಷೆಯೊಳಗೆ ಎರಡು ಹುದ್ದೆಗಳು ಬೇರೆ ಥರ ಇವೆ.

ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಹನ್ನೆರಡನೆಯ ತರಗತಿಯ ಗಣಿತದಲ್ಲಿ ಶೇಕಡಾ 60 ಇರಬೇಕು, ಇಲ್ಲವೇ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಇರಬೇಕು. ಸ್ಟ್ಯಾಟಿಸ್ಟಿಕಲ್ ಇನ್‌ವೆಸ್ಟಿಗೇಟರ್ ಗ್ರೇಡ್ ಎರಡಕ್ಕೆ ಇಷ್ಟು ಸಾಲದು, ಮೂರೂ ವರ್ಷ, ಅಂದರೆ ಆರೂ ಸೆಮ್ ಸ್ಟ್ಯಾಟಿಸ್ಟಿಕ್ಸ್ ಓದಿರಬೇಕು. ಈಗ ನಮ್ಮ ಹೊಸ ಕ್ರಮಕ್ಕೆ ಬನ್ನಿ. ಮೈನರ್ ಸಾಮಾನ್ಯವಾಗಿ ಮೊದಲ ಎರಡು ವರ್ಷದೊಳಗೇ ಮುಗಿದುಹೋಗುತ್ತದೆ. ಅಂದರೆ ಗಣಿತ ಅಥವಾ ಇಕನಾಮಿಕ್ಸ್ ಮೇಜರ್ ಜೊತೆ ಸ್ಟ್ಯಾಟಿಸ್ಟಿಕ್ಸ್ ಮೈನರ್ ತೆಗೆದುಕೊಂಡವನಿಗೆ ಮೊದಲ ಹುದ್ದೆಗೆ ಅರ್ಜಿ ಹಾಕಲು ದಾರಿ ಇದೆ, ಎರಡನೆಯದಕ್ಕೆ ಬಾಗಿಲು ಮುಚ್ಚಿತು ಎಂದೇ ತಿಳಿಯಬೇಕು. ಇಂಥ ಸೂಕ್ಷ್ಮ ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಬರೆದಿರುವುದಿಲ್ಲ. ಆದರೂ ನಮ್ಮ ಕಾಲೇಜುಗಳಲ್ಲಿ ಸಿಗುವ ಮೈನರ್‌ಗಳಲ್ಲಿ ಒಂದನ್ನು ಮಾತ್ರ ಶಿಫಾರಸು ಮಾಡು ಎಂದರೆ ನಾನು ಸ್ಟ್ಯಾಟಿಸ್ಟಿಕ್ಸ್ ಎನ್ನುತ್ತೇನೆ. ಸರಕಾರಿ ಪ್ರಕಟಣೆಯಲ್ಲೂ ಕೇಳುತ್ತಾರೆ, ಖಾಸಗಿಯವರಿಗೂ ಬೇಕು, ಎಂಎ ಎಂಎಸ್‌ಸಿಗೆ ಹೋದರೆ ಅಲ್ಲೂ ಉಪಯೋಗ.

ಸಿಎ ಆಸೆ ಇರುವವರಿಗೂ ಪೇಪರ್ ಮುಖ್ಯ. ಡಿಗ್ರಿ ಮುಗಿಸಿ ನೇರವಾಗಿ ಸಿಎಯ ಎರಡನೆಯ ಹಂತ ಇಂಟರ್‌ಮೀಡಿಯೆಟ್‌ಗೆ ಸೇರಲು ಕಾಮರ್ಸ್‌ನವರಿಗೆ ಶೇಕಡಾ 55, ಬೇರೆಯವರಿಗೆ ಶೇಕಡಾ 60 ಬೇಕು. ಆ 55ರ ಅನುಕೂಲ ಸಿಗಬೇಕಾದರೆ ಅಕೌಂಟಿಂಗ್, ಆಡಿಟಿಂಗ್, ತೆರಿಗೆ, ಕಾಸ್ಟಿಂಗ್, ಕಂಪನಿ ಕಾನೂನು, ಇಕನಾಮಿಕ್ಸ್, ಮ್ಯಾನೇಜ್‌ಮೆಂಟ್ ಇಂಥ ವಿಷಯಗಳಲ್ಲಿ ನೂರು ಮಾರ್ಕಿನ ಮೂರು ಪೇಪರ್ ಓದಿರಬೇಕು. ಬಿಕಾಂನವರಿಗೆ ಇದು ತಾನಾಗಿಯೇ ಬರುತ್ತದೆ.

ಮೇಷ್ಟ್ರ ಕೆಲಸಕ್ಕಂತೂ ವಿಷಯವೇ ಪ್ರಾಣ. ಇಲ್ಲಿ ಗಡಿಯ ಎರಡು ಬದಿಯ ಲೆಕ್ಕ ಬೇರೆ ಬೇರೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕೇರಳದಲ್ಲಿ ಹೈಸ್ಕೂಲಿನ ಫಿಸಿಕಲ್ ಸೈನ್ಸ್ ಟೀಚರ್ ಆಗಲು ಫಿಸಿಕ್ಸ್ ಅಥವಾ ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿ ಬಿಎಡ್ ಮಾಡಬೇಕು, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಬೇಕು. ಕರ್ನಾಟಕದಲ್ಲಿ ಹೈಸ್ಕೂಲ್ ಹುದ್ದೆಗಳು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಎಂದು ವಿಷಯಗಳ ಕಟ್ಟಾಗಿ ಬರುತ್ತವೆ. ಕಾಸರಗೋಡಿನಲ್ಲಿ ಫಿಸಿಕ್ಸ್ ಮೇಜರ್ ಜೊತೆ ಕೆಮಿಸ್ಟ್ರಿ, ಗಣಿತ ಮೈನರ್ ತೆಗೆದುಕೊಂಡವಳಿಗೆ ಎರಡೂ ಬದಿಗೆ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ಅದೇ ಫಿಸಿಕ್ಸ್ ಜೊತೆ ಟೂರಿಸಂ ಅಥವಾ ಜರ್ನಲಿಸಂ ಮೈನರ್ ತೆಗೆದುಕೊಂಡರೆ ಕೇರಳದ ದಾರಿ ಉಳಿಯುತ್ತದೆ, ಕರ್ನಾಟಕದ್ದು ಕಷ್ಟವಾಗುತ್ತದೆ. ಟೂರಿಸಂ ಕೆಟ್ಟದ್ದು ಎಂದಲ್ಲ. ಬೇಕಲ ಕೋಟೆ ಕಡೆ ಹೋಟೆಲ್ ಕೆಲಸ ಮಾಡುವ ಮನಸ್ಸಿರುವವರಿಗೆ ಅದೇ ಸರಿ. ಮೇಷ್ಟ್ರಾಗುವವರಿಗೆ ಅಲ್ಲ.

ಕನ್ನಡ ಟೀಚರ್ ಆಗಬೇಕೆಂದು ಇರುವವರಿಗೆ ಇನ್ನೊಂದು ಮಾತು. ಕಾಸರಗೋಡು ಜಿಲ್ಲೆಗೆ ಕನ್ನಡ ಮಾಧ್ಯಮದ ಹುದ್ದೆಗಳನ್ನು ಕೇರಳ ಪಿಎಸ್‌ಸಿ ಬೇರೆಯಾಗಿಯೇ ಕರೆಯುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಕನ್ನಡದಲ್ಲಿ ಡಿಗ್ರಿ ಕೇಳುತ್ತಾರೆ. ಇಂಗ್ಲಿಷ್ ಮೇಜರ್ ಮಾಡಿ, ಕನ್ನಡ ಮೈನರ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಕನ್ನಡ ಮೇಜರ್ ತೆಗೆದುಕೊಂಡರೆ ಕೆಲಸ ಎಲ್ಲಿ ಸಿಗುತ್ತದೆ ಎಂದು ಮೂಗು ಮುರಿಯುವ ಸಂಬಂಧಿಕರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರಿಗೆ ಈ ಪಿಎಸ್‌ಸಿ ಪ್ರಕಟಣೆಗಳನ್ನು ಒಮ್ಮೆ ತೋರಿಸಿ. ಸ್ಪರ್ಧೆ ಇರುವುದು ಕನ್ನಡ ಬಲ್ಲವರ ನಡುವೆ ಮಾತ್ರ.

ಹೊಸ ಹೆಸರಿನ ಡಿಗ್ರಿಯಾ, ಹಳೆ ಹೆಸರಿನದ್ದಾ?

ಈಗ ಕಾಲೇಜುಗಳು ಡಿಗ್ರಿಗಳಿಗೆ ಚಂದಚಂದದ ಹೆಸರು ಇಡುತ್ತವೆ. ಎರಡು ಮೂರು ವಿಷಯ ಸೇರಿಸಿ ಒಂದು ಉದ್ದ ಹೆಸರು. ಖಾಸಗಿ ಕಂಪನಿಗೆ ಹೋಗುವುದಾದರೆ ತೊಂದರೆ ಇಲ್ಲ. ಪಿಎಸ್‌ಸಿಗೆ ಹೋಗುವುದಾದರೆ ಜೋಪಾನ. ಪ್ರಕಟಣೆಯಲ್ಲಿ "ಕೆಮಿಸ್ಟ್ರಿ" ಎಂದಿದ್ದು ನಿಮ್ಮ ಸರ್ಟಿಫಿಕೇಟಿನಲ್ಲಿ ಬೇರೇನೋ ಇದ್ದರೆ, ಎರಡೂ ಸಮಾನ ಎಂಬ ಪತ್ರ ತರಬೇಕಾಗುತ್ತದೆ. ಆ ಪತ್ರಕ್ಕೆ ವಿಶ್ವವಿದ್ಯಾಲಯಕ್ಕೆ ಅಲೆಯುವುದು, ಕೊನೆಯ ದಿನ ಹತ್ತಿರ ಬರುವುದು, ಇದೆಲ್ಲ ಬೇಡದ ಸಂಕಟ. ಬೇರೆ ರಾಜ್ಯದಿಂದ ಓದಿ ಬಂದವರಿಗೆ ಇದು ಇನ್ನೂ ಜಾಸ್ತಿ. ಹೆಸರು ಹಳೆಯದು ಎಂದು ಬೇಸರ ಬೇಡ. ಸರಕಾರದ ನಿಯಮಗಳನ್ನು ಬರೆದದ್ದು ಆ ಹಳೆಯ ಹೆಸರುಗಳನ್ನು ಇಟ್ಟುಕೊಂಡೇ.

ಡಬಲ್ ಮೇಜರ್ ವಿಷಯಕ್ಕೂ ಇದೇ ಅನುಮಾನ. ಎರಡು ವಿಷಯಗಳಲ್ಲೂ ಬಿಎಡ್‌ಗೆ, ಎಂಎಗೆ ಅರ್ಹತೆ ಸಿಗುತ್ತದೆ ಎಂದು ಬರವಣಿಗೆಯಲ್ಲಿ ಇದ್ದರೆ ಮಾತ್ರ ಮುಂದುವರಿಯಿರಿ. ಕ್ಲಾಸಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು.

ಭಾಷೆಯ ಪೇಪರ್

ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಬೇರೆಲ್ಲ ಇಲೆಕ್ಟಿವ್‌ಗಿಂತ ದೊಡ್ಡ ವಿಷಯ. ಆದರೆ ಜನ ಇದರ ಬಗ್ಗೆ ಯೋಚಿಸುವುದೇ ಕಮ್ಮಿ.

ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ಹುದ್ದೆಗೆ ಒಂದು ರಾಜ್ಯವನ್ನು ಆರಿಸಿ ಅರ್ಜಿ ಹಾಕಬೇಕು. ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ಹತ್ತು ಅಥವಾ ಹನ್ನೆರಡನೆಯ ತರಗತಿಯ ಅಂಕಪಟ್ಟಿಯಲ್ಲಿ ಆ ಭಾಷೆ ಇದ್ದರೆ ಭಾಷಾ ಪರೀಕ್ಷೆಯೇ ಇಲ್ಲ. ಗ್ರಾಮೀಣ ಬ್ಯಾಂಕುಗಳಿಗೂ ಸ್ಥಳೀಯ ಭಾಷೆ ಬೇಕು. ಅಂದರೆ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಓದಿದ ಹುಡುಗನ ಕೈಯಲ್ಲಿ ಕರ್ನಾಟಕದ ಬ್ಯಾಂಕ್ ಹುದ್ದೆಗೆ ಬೇಕಾದ ದಾಖಲೆ ಆಗಲೇ ಇದೆ. ಡಿಗ್ರಿಯಲ್ಲಿ ಅವನು ಯಾವ ಮೈನರ್ ಓದಿದ ಎಂದು ಆ ಬ್ಯಾಂಕ್ ಕೇಳುವುದೇ ಇಲ್ಲ.

ಇನ್ನೊಂದು ಮುಖವೂ ಇದೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮಲಯಾಳಂ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಬಸ್ಸಿನ ಬೋರ್ಡ್ ಊಹೆಯಲ್ಲೇ ಓದಿಬಿಡುತ್ತಾರೆ. ಕಾಸರಗೋಡು, ಕಾಞಂಗಾಡು, ಕಣ್ಣೂರಿನಲ್ಲಿ ಆಸ್ಪತ್ರೆಯ ರಿಸೆಪ್ಶನ್ ಆಗಲಿ, ಸಹಕಾರಿ ಬ್ಯಾಂಕ್ ಆಗಲಿ, ಟ್ಯಾಕ್ಸ್ ಆಫೀಸ್ ಆಗಲಿ, ಮಲಯಾಳಂ ಓದು ಬರಹ ಇಲ್ಲದೆ ನಡೆಯುವುದಿಲ್ಲ. ಕನ್ನಡವನ್ನು ಭಾಷೆಯಾಗಿ ಉಳಿಸಿಕೊಂಡು, ಬೇರೆ ವಿಭಾಗದ ಪೇಪರುಗಳಲ್ಲಿ ಮಲಯಾಳಂ ಕಲಿಯುವ ಅವಕಾಶ ನಿಮ್ಮ ಕಾಲೇಜಿನಲ್ಲಿ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ರಜೆಯಲ್ಲಿ ಅಕ್ಷರ ಕಲಿತುಬಿಡಿ. ಇದು ಭಾಷಾಭಿಮಾನದ ಜಗಳ ಅಲ್ಲ, ಹೊಟ್ಟೆಪಾಡಿನ ಮಾತು. ಕನ್ನಡ, ಮಲಯಾಳಂ, ತುಳು, ಸ್ವಲ್ಪ ಹಿಂದಿ, ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಇರುವ ಹುಡುಗಿಯನ್ನು ಮಂಗಳೂರಿನ ಯಾವ ಕಸ್ಟಮರ್ ಸರ್ವಿಸ್ ಮ್ಯಾನೇಜರನೂ ಸುಲಭವಾಗಿ ಬಿಡುವುದಿಲ್ಲ. ಬಯೋಡಾಟಾದ ಕೊನೆಯಲ್ಲಿ ಎಲ್ಲೋ ಬರೆಯುವ ಈ ಸಾಲನ್ನು ಮೇಲೆ ತನ್ನಿ.

ಮೂರಕ್ಕೆ ಹೊರಡುವುದಾ, ನಾಲ್ಕನೆಯದೂ ಓದುವುದಾ?

ಕೆಲಸಕ್ಕೆ ಮಾತ್ರ ಎಂದಾದರೆ ಮೂರೇ ಸಾಕು. ಪಿಎಸ್‌ಸಿ, ಬ್ಯಾಂಕ್, ಎಸ್‌ಎಸ್‌ಸಿ ಯಾವುದೂ ನಾಲ್ಕನೆಯ ವರ್ಷ ಇದೆಯಾ ಎಂದು ಕೇಳುವುದಿಲ್ಲ. ಮುಂದೆ ಪಿಎಚ್‌ಡಿ ಮಾಡುವವರಿಗೆ, ಹೊರದೇಶದಲ್ಲಿ ಎಂಎಸ್ ಓದುವವರಿಗೆ ನಾಲ್ಕು ವರ್ಷ ಉಪಯೋಗ. ಶೇಕಡಾ 75 ಇರುವ ನಾಲ್ಕು ವರ್ಷದ ಡಿಗ್ರಿಯವರು ಪಿಎಚ್‌ಡಿಗಾಗಿ ಯುಜಿಸಿ ನೆಟ್ ಪರೀಕ್ಷೆ ಬರೆಯಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಎಂಎ, ಎಂಎಸ್‌ಸಿ ಮಾಡುವ ಯೋಚನೆ ಇದ್ದರೆ ಮೂರು ವರ್ಷ ಮುಗಿಸಿ ಹೋಗುವ ಹಳೆಯ ದಾರಿಯೂ ಇದೆ. ಮನೆಯಲ್ಲಿ ದುಡ್ಡಿನ ತಾಪತ್ರಯ ಇದ್ದರೆ ನಾಲ್ಕನೆಯ ವರ್ಷಕ್ಕೆ ಹಟ ಹಿಡಿಯಬೇಡಿ.

ಗಲ್ಫ್ ಮತ್ತು ಬ್ರಿಟನ್

ಗಲ್ಫ್‌ಗೆ ಹೋಗುವವರಿಗೆ ಹೇಳಲು ಹೆಚ್ಚೇನಿಲ್ಲ. ಅಲ್ಲಿ ಕೇಳುವುದು ಡಿಗ್ರಿ ಸರ್ಟಿಫಿಕೇಟ್, ಅದರ ಅಟೆಸ್ಟೇಶನ್ (ಅಸಲಿ ಎಂಬ ದೃಢೀಕರಣ), ಅನುಭವ, ಸಾಧ್ಯವಾದರೆ ಡ್ರೈವಿಂಗ್ ಲೈಸೆನ್ಸ್. ಅಟೆಸ್ಟೇಶನ್ ಕೆಲಸಕ್ಕೆ ಕೇರಳ ಸರಕಾರದ ಸಂಸ್ಥೆ ನೋರ್ಕಾ ಇದೆ. ಇಲೆಕ್ಟಿವ್ ಕೇಳಿದವರನ್ನು ನಾನು ಕಂಡಿಲ್ಲ.

ಬ್ರಿಟನ್ ಯೋಚನೆ ಇರುವವರಿಗೆ ಒಂದು ಸಣ್ಣ ಟಿಪ್ಪಣಿ. ಅಲ್ಲಿ ಪೇಪರಿಗೆ ಮಾಡ್ಯೂಲ್ ಎನ್ನುತ್ತಾರೆ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಅನೇಕವು ಯಾವ ವಿಷಯವಾದರೂ ಸರಿ, ಅಪ್ಪರ್ ಸೆಕೆಂಡ್ ಕ್ಲಾಸ್ ಬೇಕು ಎಂದು ಕೇಳುತ್ತವೆ, ಅಂದರೆ ಸುಮಾರಾಗಿ 60 ಮತ್ತು ಮೇಲೆ. ಅಲ್ಲೂ ಅದೇ 60! ಮಾಡ್ಯೂಲ್ ಮುಖ್ಯವಾಗುವುದು ಅಕೌಂಟೆನ್ಸಿ, ಆಕ್ಚುರಿ (ವಿಮೆಯ ಅಪಾಯ ಲೆಕ್ಕ ಹಾಕುವ ಕೆಲಸ), ಸೈಕಾಲಜಿ ಇಂಥ ವೃತ್ತಿಗಳಲ್ಲಿ. ನಿಗದಿತ ಮಾಡ್ಯೂಲ್ ಓದಿದ್ದರೆ ವೃತ್ತಿ ಪರೀಕ್ಷೆಯ ಕೆಲವು ಪೇಪರುಗಳಿಂದ ವಿನಾಯಿತಿ ಸಿಗುತ್ತದೆ, ಅಥವಾ ಆ ವೃತ್ತಿ ಸಂಸ್ಥೆ ಮಾನ್ಯ ಮಾಡಿದ ಕೋರ್ಸನ್ನೇ ಓದಿರಬೇಕಾಗುತ್ತದೆ. ಎಂಎಸ್‌ಗೆ ದುಡ್ಡು ಕಟ್ಟುವ ಮೊದಲು ಏಜೆಂಟನ ಮಾತು ಬಿಟ್ಟು ಆ ವೃತ್ತಿ ಸಂಸ್ಥೆಯ ಪಟ್ಟಿಯನ್ನು ನೀವೇ ನೋಡಿ.

ಆರಿಸುವ ಮೊದಲು ಮಾಡಬೇಕಾದ್ದು

ನಿಮಗೆ ಇಷ್ಟವಾಗಬಹುದಾದ ಎರಡು ಮೂರು ಹುದ್ದೆಗಳ ಹಳೆಯ ಪ್ರಕಟಣೆ ಹುಡುಕಿ, ಅರ್ಹತೆಯ ಸಾಲನ್ನು ನಿಧಾನವಾಗಿ ಓದಿ. ಅಲ್ಲಿ ವಿಷಯದ ಹೆಸರು ಇದ್ದರೆ ಆ ವಿಷಯವನ್ನು ಬಿಡಬೇಡಿ. ಇಲ್ಲದಿದ್ದರೆ ನಿಮಗೆ ಆಸಕ್ತಿ ಇರುವುದನ್ನು, ಚೆನ್ನಾಗಿ ಕಲಿಸುವ ಟೀಚರ್ ಇರುವುದನ್ನು ತೆಗೆದುಕೊಳ್ಳಿ. ಟೀಚರ್ ಯಾರು ಎಂಬುದು ಸಣ್ಣ ವಿಷಯ ಅಲ್ಲ. ಗೆಸ್ಟ್ ಲೆಕ್ಚರರ್ ಇನ್ನೂ ಬರಬೇಕಷ್ಟೆ ಎನ್ನುವ ಪೇಪರಿನಲ್ಲಿ ಅರ್ಧ ಸೆಮ್ ಹಾಗೇ ಹೋಗುತ್ತದೆ. ಸೀನಿಯರ್‌ಗಳನ್ನು ಕೇಳಿದರೆ ಸತ್ಯ ಗೊತ್ತಾಗುತ್ತದೆ.

ಇನ್ನು ಪ್ರತಿ ಸೆಮ್‌ನ ಸಿಲಬಸ್ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ನಾಲ್ಕೈದು ವರ್ಷ ಕಳೆದ ಮೇಲೆ ಸಮಾನತೆಯ ಪತ್ರ ಕೇಳುವಾಗಲೋ, ಹೊರದೇಶಕ್ಕೆ ಅರ್ಜಿ ಹಾಕುವಾಗಲೋ ನೀವು ಏನು ಓದಿದ್ದಿರಿ ಎಂದು ಪುಟಪುಟವಾಗಿ ತೋರಿಸಬೇಕಾಗುತ್ತದೆ. ಆ ಹೊತ್ತಿಗೆ ವೆಬ್‌ಸೈಟ್‌ನಲ್ಲಿ ಹೊಸ ಸಿಲಬಸ್ ಬಂದಿರುತ್ತದೆ, ನಿಮ್ಮದು ಎಲ್ಲಿ ಹೋಯಿತು ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.